ಕಾಚಿಗೂಡದ ಕರೀ ಬೇಲಿ

ಹೋದ ವರ್ಷ ಮಗಳ ನಿಶ್ಚಿತಾರ್ಥವನ್ನು ಹಾಲ್‌ನಲ್ಲಿ ಬೇಡ, ಮನೆಯ ಅಂಗಳದಲ್ಲೇ ಮಾಡೋಣ ಎಂದು ತೀರ್ಮಾನವಾದಾಗ ಮನೆಮಂದಿಯ ಕಣ್ಣೆಲ್ಲ ಮೊದಲು ಹೋದದ್ದು ಬೇಲಿಯ ಮೇಲೆ. ಕಾಚಿಗೂಡ ಸ್ಟೇಷನ್ನಿನಿಂದ ನಡೆದು ಬರುವಷ್ಟು ಹತ್ತಿರದಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ ಹೇಗೋ ಉಳಿದುಕೊಂಡ ಹಳೆಯ ಮನೆ ನಮ್ಮದು. ಅಂಗಳದ ಒಂದು ಬದಿಗೆ ಮೂವತ್ತು ಅಡಿ ಉದ್ದದ ಕಟ್ಟಿಗೆ ಬೇಲಿ. ಏಳು ದಪ್ಪ ಕಂಬ, ನಡುನಡುವೆ ಸಾಗವಾನಿ ಹಲಗೆ. ಕಂಬಗಳು ಕಪ್ಪಗಿವೆ, ಹಲಗೆಗಳು ಬೂದಿ ಬಣ್ಣಕ್ಕೆ ತಿರುಗಿವೆ, ಫೋಟೋದಲ್ಲಿ ಚೆಂದ ಕಾಣುವುದಿಲ್ಲ ಎಂದು ಹೆಂಡತಿಯೂ ಮಗಳೂ ಹೇಳಿದರು. ನನಗೂ ಹೌದೆನ್ನಿಸಿತು.

ಪೇಂಟರ್ ಬಂದ. ಪಾಲಿಶ್ ಪೇಪರ್ ಹಾಕಿ ತಿಕ್ಕಿ, ಬಿರುಕುಗಳಿಗೆ ಲಪ್ಪಂ ತುಂಬಿ, ಪ್ರೈಮರ್ ಬಳಿದು, ಮೇಲೆ ಎರಡು ಕೋಟ್ ಕೆನೆಬಣ್ಣದ ಆಯಿಲ್ ಪೇಂಟ್ ಹಚ್ಚಿದ. ನಿಶ್ಚಿತಾರ್ಥದ ದಿನ ಬೇಲಿ ಹೊಸದರಂತೆ ಹೊಳೆಯಿತು. ಆಮೇಲೆ ಏಪ್ರಿಲ್ ಬಂತು. ಮೂರೇ ವಾರದಲ್ಲಿ ಏಳೂ ಕಂಬಗಳ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆಗಳು ಮೂಡಿದವು. ಹಲಗೆಗಳಿಗೆ ಏನೂ ಆಗಿರಲಿಲ್ಲ, ಕಲೆ ಕಂಬಗಳಿಗೆ ಮಾತ್ರ. ಪೇಂಟರನ್ನು ಮತ್ತೆ ಕರೆಸಿದೆ. ಅವನು ಬೆರಳಿನಿಂದ ಕಲೆ ಮುಟ್ಟಿ, ಮೂಸಿ ನೋಡಿ, "ಇಸ್ಕೇ ಅಂದರ್ ತೇಲ್ ಹೈ ಸಾಬ್. ಇಸ್ಪೇ ರಂಗ್ ನೈ ಠೈರ್ತಾ" ಎಂದ. ಇದರೊಳಗೆ ಎಣ್ಣೆ ಇದೆ, ಇದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ನಮ್ಮ ಮನೆಯಲ್ಲಿ ಅದು ಜಗಳದ ಮಾತು. ನಾನು ಹುಟ್ಟುವ ಮೊದಲೇ ಅಪ್ಪ ಅದನ್ನು ಕಾಕಾನಿಗೆ ಹೇಳಿದ್ದರು. ಕಾಕಾ ಆ ಮಾತನ್ನು ನಂಬಿರಲಿಲ್ಲ. ಅದು ಖರೆಯೋ ನೆವವೋ ಎಂಬುದು ಅರವತ್ತು ವರ್ಷ ದಾಟಿದರೂ ಇತ್ಯರ್ಥವಾಗದೆ ಉಳಿದಿತ್ತು. ಹಾಗಾಗಿ ಬೇಲಿಗೆ ಯಾವ ಬಣ್ಣ ಹಚ್ಚಬೇಕು ಎಂಬ ನನ್ನ ಹುಡುಕಾಟ ಹಾರ್ಡ್‌ವೇರ್ ಅಂಗಡಿಯಲ್ಲಿ ಮುಗಿಯಲಿಲ್ಲ.

*

ಮೊದಲಿಗೆ ಒಂದು ಮಾತು. ಕಟ್ಟಿಗೆ ಬೇಲಿ ನಮ್ಮ ಸೀಮೆಯದಲ್ಲ. ನಮ್ಮ ಮೂಲ ಊರು ಸೇಡಂ ಕಡೆಯದು. ಅಲ್ಲಿ ಹೊಲಕ್ಕೆ ಜಾಲಿ ಮುಳ್ಳಿನ ಬೇಲಿ, ಹಿತ್ತಿಲಿಗೆ ನೆಟ್ಟಗೆ ನಿಲ್ಲಿಸಿದ ಶಹಾಬಾದಿ ಫರ್ಸಿ ಕಲ್ಲು. ಕಲ್ಲು ಕಾಲಡಿಯಲ್ಲೇ ಸಿಗುತ್ತಿತ್ತು, ಮರ ಸಿಗುತ್ತಿರಲಿಲ್ಲ. ಸಿಕ್ಕ ಮರವೆಲ್ಲ ತೊಲೆ, ಬಾಗಿಲು, ಬಂಡಿ, ಕುಂಟೆಗಳಿಗೆ ಹೋಗುತ್ತಿತ್ತು. ಬಯಲುಸೀಮೆಯ ರೈತ ಸಾಗವಾನಿ ಹಲಗೆಯನ್ನು ಬೇಲಿಗೆ ಹೊಡೆದನೆಂದರೆ ಊರು ನಗುತ್ತಿತ್ತು. ಬಣ್ಣವೂ ಅಷ್ಟೇ. ಗೋಡೆಗೆ ಸುಣ್ಣ, ಅಂಚಿಗೆ ಹುರಮಂಜ, ಬಾಗಿಲಿಗೆ ಹಬ್ಬಕ್ಕೊಮ್ಮೆ ಎಣ್ಣೆ. ಬೇಲಿಯ ಅಂದಚೆಂದದ ಬಗ್ಗೆ ಯೋಚಿಸಿದವರಿಲ್ಲ.

ಕಟ್ಟಿಗೆಯ ಪಟ್ಟಿ ಬೇಲಿ ನಮ್ಮವರ ಕಣ್ಣಿಗೆ ಬಿದ್ದದ್ದು ರೈಲಿನ ಜೊತೆ, ಸಾಹೇಬರ ಬಂಗಲೆಯ ಜೊತೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಳಿ ಬಿತ್ತು. ವಾಡಿ, ಚಿತ್ತಾಪುರ, ಸೇಡಂ, ತಾಂಡೂರು ಅದೇ ದಾರಿಯ ಊರುಗಳು. ಅದು ಬ್ರಾಡ್ ಗೇಜ್. ಮುಂದೆ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಮನ್ಮಾಡದ ಕಡೆಗೆ ಹೈದರಾಬಾದ್–ಗೋದಾವರಿ ವ್ಯಾಲಿ ಎಂಬ ಮೀಟರ್ ಗೇಜ್ ಹಳಿ ಬಂತು. 1916ರಲ್ಲಿ, ಮೀರ್ ಉಸ್ಮಾನ್ ಅಲೀ ಖಾನರ ಕಾಲದಲ್ಲಿ, ಗುಮ್ಮಟ ಮಿನಾರುಗಳ ಕಾಚಿಗೂಡ ಸ್ಟೇಷನ್ ಎದ್ದಿತು. ಅದಕ್ಕೂ ಎಂಟು ವರ್ಷ ಮುಂಚೆ, 1908ರ ಸೆಪ್ಟೆಂಬರಿನಲ್ಲಿ, ಮೂಸಿ ನದಿ ಉಕ್ಕಿ ಹಳೆಯ ಶಹರದ ಮಣ್ಣಿನ ಮನೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ಪ್ರವಾಹ ತಡೆಯುವ ದಾರಿ ಹೇಳಲು ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನೇ. ಆಮೇಲೆ ನದಿಯ ಉತ್ತರಕ್ಕೆ ಶಹರ ಬೆಳೆಯಿತು. ಸ್ಟೇಷನ್ನು, ಗೂಡ್ಸ್ ಯಾರ್ಡು, ನೌಕರರ ಮನೆಗಳು, ಅವುಗಳ ನಡುವೆ ಕೆಲಸ ಹುಡುಕಿ ಬಂದ ಕನ್ನಡಿಗರು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಕಾಚಿಗೂಡದಲ್ಲೇ ಇರುವುದು ಸುಮ್ಮನೆ ಅಲ್ಲ.

ನಮ್ಮ ಅಜ್ಜನೂ ಹಾಗೆ ಬಂದವರು. ಒಂದು ಜಾಗ ಕೊಂಡು, ಎರಡು ಮಕ್ಕಳಿಗೆ ಎರಡು ಪಾಲು ಎಂದು ಮನಸ್ಸಿನಲ್ಲೇ ಗೆರೆ ಎಳೆದು ತೀರಿಕೊಂಡರು. ದೊಡ್ಡ ಮಗ, ಅಂದರೆ ನಮ್ಮಪ್ಪ, ಕಾಚಿಗೂಡ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾದರು. ಚಿಕ್ಕವರು, ಕಾಕಾ, ಹೈದರಾಬಾದ್ ಸರ್ಕಾರದ ರೆವಿನ್ಯೂ ಖಾತೆಯಲ್ಲಿ ಕಾರಕೂನ.

ಆಮೇಲೆ 1956ರ ನವೆಂಬರ್ 1 ಬಂತು. ಹೈದರಾಬಾದ್ ರಾಜ್ಯ ಮೂರು ತುಂಡಾಯಿತು. ಬೀದರ, ಗುಲಬರ್ಗಾ, ರಾಯಚೂರು ಮೈಸೂರಿಗೆ, ಮರಾಠವಾಡಾ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ. ರಾಜ್ಯ ಸರ್ಕಾರದ ನೌಕರರನ್ನೂ ಹೊಸ ರಾಜ್ಯಗಳಿಗೆ ಹಂಚಿದರು. ಕಾಕಾನಿಗೆ ಗುಲಬರ್ಗಾ ಬಿತ್ತು. ರೈಲ್ವೆ ಆ ಹಂಚಿಕೆಯಲ್ಲಿ ಬರಲಿಲ್ಲ. ನಿಜಾಮರ ರೈಲ್ವೆ 1951ರಲ್ಲೇ ಕೇಂದ್ರದ ಸೆಂಟ್ರಲ್ ರೈಲ್ವೆಗೆ ಸೇರಿಹೋಗಿತ್ತು. ಹಾಗಾಗಿ ಅಪ್ಪ ಕೂತಲ್ಲೇ ಕೂತರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ರಾಜ್ಯದವರಾದರು. ಮರುವರ್ಷ ಕಾಕಾ ಗುಲಬರ್ಗಾದಲ್ಲಿ ಮನೆ ಮಾಡಲು ದುಡ್ಡು ಬೇಕೆಂದು ಇಲ್ಲಿನ ತಮ್ಮ ಪಾಲನ್ನು ಬೇರೆಯವರಿಗೆ ಮಾರಿದರು. ಅಜ್ಜ ಮನಸ್ಸಿನಲ್ಲಿ ಎಳೆದಿದ್ದ ಗೆರೆಯ ಮೇಲೆ ಅಪ್ಪ ಬೇಲಿ ನಿಲ್ಲಿಸಿದರು.

*

ಆ ಏಳು ಕಂಬಗಳು ರೈಲ್ವೆ ಹರಾಜಿನಲ್ಲಿ ತಂದ ಹಳೆಯ ಮೀಟರ್ ಗೇಜ್ ಸ್ಲೀಪರ್‌ಗಳು. ಈಗಲೂ ಅವುಗಳ ಮೈಮೇಲೆ ಹಳಿ ಕೂತ ಗುರುತು, ಮೊಳೆ ಹೊಡೆದ ತೂತು ಕಾಣುತ್ತವೆ. ಮೀಟರ್ ಗೇಜ್ ಸ್ಲೀಪರ್ ಎಂದರೆ ಆರು ಅಡಿ ಉದ್ದ, ಎಂಟು ಇಂಚು ಅಗಲ, ನಾಲ್ಕೂವರೆ ಇಂಚು ದಪ್ಪ. ಒಂದೂವರೆ ಅಡಿ ನೆಲದಲ್ಲಿ ಹೂತರೆ ನಾಲ್ಕೂವರೆ ಅಡಿ ಮೇಲೆ ನಿಲ್ಲುತ್ತದೆ. ಬೇಲಿ ಕಂಬಕ್ಕೆಂದೇ ಅಳತೆ ಕೊಟ್ಟು ಕೊಯ್ಸಿದಂತೆ.

ಸ್ಲೀಪರ್‌ಗೆ ಬರುವ ಕಟ್ಟಿಗೆಯನ್ನು ರೈಲ್ವೆಯವರು ಎರಡು ಜಾತಿ ಮಾಡಿದ್ದರು. ಸಾಗವಾನಿ, ಸಾಲ, ಹೊನ್ನೆಯಂಥ ಗಟ್ಟಿ ಮರಗಳಿಗೆ ಯಾವ ಔಷಧವೂ ಬೇಡ. ಹಾಗೇ ಹಾಕಬಹುದು. ಉಳಿದ ಮರಗಳನ್ನು ಹಾಗೇ ಹಾಕಿದರೆ ಗೆದ್ದಲು ಬಿಡುವುದಿಲ್ಲ, ಮಳೆಗಾಲದಲ್ಲಿ ಕೊಳೆಯುತ್ತವೆ. ಅಂಥವಕ್ಕೆ ಕ್ರಿಯೋಸೋಟ್ ಕುಡಿಸಬೇಕು. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿದಾಗ ಇಳಿಯುವ ಡಾಂಬರನ್ನು ಮತ್ತೆ ಭಟ್ಟಿ ಇಳಿಸಿದರೆ ಸಿಗುವ ಎಣ್ಣೆ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನಂಥ ಶಹರಗಳ ದೀಪಕ್ಕೆ ಕಲ್ಲಿದ್ದಲ ಗ್ಯಾಸ್ ಮಾಡುತ್ತಿದ್ದರು, ಡಾಂಬರು ರಾಶಿ ಬೀಳುತ್ತಿತ್ತು. ಅದರಿಂದಲೇ 1856ರಲ್ಲಿ ಪರ್ಕಿನ್ ಎಂಬ ಹುಡುಗ ನೇರಳೆ ಬಣ್ಣ ತೆಗೆದ. ಅದಕ್ಕೂ ಮೊದಲೇ, 1838ರಲ್ಲಿ, ಜಾನ್ ಬೆಥೆಲ್ ಎಂಬವನು ಕಟ್ಟಿಗೆಗೆ ಆ ಎಣ್ಣೆ ಕುಡಿಸುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ದೊಡ್ಡ ಕಬ್ಬಿಣದ ಕೊಳವೆಯಲ್ಲಿ ಕಟ್ಟಿಗೆ ತುಂಬಿ, ಮೊದಲು ಒಳಗಿನ ಗಾಳಿ ಎಳೆದು, ಆಮೇಲೆ ಬಿಸಿ ಎಣ್ಣೆಯನ್ನು ಒತ್ತಡ ಹಾಕಿ ತುಂಬುವುದು. ಎಣ್ಣೆ ಮರದ ನರನರಕ್ಕೂ ಇಳಿಯುತ್ತದೆ. ಪ್ರಪಂಚದ ರೈಲು ಹಳಿಗಳೆಲ್ಲ ನೂರು ವರ್ಷಕ್ಕೂ ಮಿಕ್ಕಿ ಇದರ ಮೇಲೆ ಮಲಗಿದವು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕ್ರಿಯೋಸೋಟ್ ಮೇಲೆ ಬಳಿದ ಬಣ್ಣವಲ್ಲ, ಒಳಗೆ ಇಳಿದ ಎಣ್ಣೆ. ಹಳಿಯ ಕೆಳಗಿನ ಕೆಲಸ ಮುಗಿದ ಮೇಲೂ ಅದು ಕಟ್ಟಿಗೆಯಲ್ಲಿ ದಶಕಗಟ್ಟಲೆ ಇರುತ್ತದೆ. ಬಿಸಿಲು ಬಿದ್ದರೆ ತೆಳುವಾಗಿ ಹೊರಗೆ ಜಿನುಗುತ್ತದೆ. ಆಯಿಲ್ ಪೇಂಟಿನಲ್ಲಿರುವ ದ್ರಾವಕ ಅದನ್ನು ಇನ್ನಷ್ಟು ಕರಗಿಸಿ ಮೇಲಕ್ಕೆಳೆಯುತ್ತದೆ. ಕೆನೆಬಣ್ಣದ ಮೇಲೆ ಬಂದ ಕಂದು ಕಲೆ ಪೇಂಟರಿನ ತಪ್ಪಲ್ಲ, ಪೇಂಟಿನ ತಪ್ಪೂ ಅಲ್ಲ. ಕಟ್ಟಿಗೆಯ ಹಿಂದಿನ ಕಥೆ ಕೇಳದೆ ಬಣ್ಣ ಆರಿಸಿದ ನನ್ನ ತಪ್ಪು.

ಇನ್ನೊಂದು ತಪ್ಪೂ ಆಗಿತ್ತು. ಕ್ರಿಯೋಸೋಟ್ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಯೂರೋಪಿನಲ್ಲಿ 2003ರಿಂದ ಅದನ್ನು ಸಾಮಾನ್ಯ ಗಿರಾಕಿಗಳಿಗೆ ಮಾರುವುದನ್ನೇ ನಿಲ್ಲಿಸಿದ್ದಾರೆ. ಅಂಥ ಕಟ್ಟಿಗೆಯನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಧೂಳೆಬ್ಬಿಸಬಾರದು, ಕೊಯ್ಯಬಾರದು, ಒಲೆಗಂತೂ ಹಾಕಲೇಬಾರದು. ಪಾಪ, ಆ ಪೇಂಟರ್ ಬರಿಗೈಯಲ್ಲಿ ಎರಡು ದಿನ ಉಜ್ಜಿದ್ದ. ಅವನಿಗೆ ಇದನ್ನು ಹೇಳಿದಾಗ, "ಕೈ ಉರಿದದ್ದು ಹೌದು ಸಾಬ್, ಬಿಸಿಲಿಗೆ ಅಂದುಕೊಂಡೆ" ಎಂದ. ನನಗೆ ನಾಚಿಕೆಯಾಯಿತು.

*

ಹಾಗಾದರೆ ಹಚ್ಚುವುದೇನು? ಕಟ್ಟಿಗೆಗೆ ಮನುಷ್ಯ ಹಚ್ಚುತ್ತ ಬಂದದ್ದನ್ನೆಲ್ಲ ಒಂದೊಂದಾಗಿ ನೋಡಿದೆ. ನೋಡಿದಷ್ಟೂ ಆಶ್ಚರ್ಯವಾಯಿತು. ಮುಕ್ಕಾಲು ಪಾಲು ಸಾಮಾನು ನಮ್ಮ ನೆಲದ್ದೇ.

ಮೊದಲನೆಯದು ಎಣ್ಣೆ. ಎಲ್ಲ ಎಣ್ಣೆಯೂ ಕಟ್ಟಿಗೆಗೆ ಆಗುವುದಿಲ್ಲ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಎಷ್ಟು ದಿನವಾದರೂ ಜಿಡ್ಡಾಗಿಯೇ ಇರುತ್ತವೆ. ಅಗಸೆ ಎಣ್ಣೆ ಮಾತ್ರ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಒಣಗಿ ತೊಗಲಿನಂತೆ ಕೂರುತ್ತದೆ. ಆಯಿಲ್ ಪೇಂಟ್ ಎಂಬ ಹೆಸರಿನಲ್ಲಿ ಆಯಿಲ್ ಅಂದರೆ ಮೂಲತಃ ಇದೇ. ನಮ್ಮ ಕುಸುಬೆ ಎಣ್ಣೆ ಅರ್ಧ ಒಣಗುವ ಜಾತಿ. ಅದನ್ನೇ ಗಂಟೆಗಟ್ಟಲೆ ಕುದಿಸಿ ಮಂದ ಮಾಡಿದರೆ ರೋಗನ್. ಉರ್ದುವಿನ ಈ ಮಾತೇ ಮರಾಠಿಯಲ್ಲಿ ರೋಗಣವಾಗಿ ವಾರ್ನಿಷ್ ಎಂಬ ಅರ್ಥದಲ್ಲಿ ನಿಂತಿದೆ. ಅಗಸೆ, ಕುಸುಬೆ ಎರಡೂ ಬೀದರ, ಗುಲಬರ್ಗಾ, ವಿಜಾಪುರದ ಹೊಲಗಳ ಹಿಂಗಾರಿ ಬೆಳೆ. ಬ್ರಿಟಿಷರ ಕಾಲದಲ್ಲಿ ಹಿಂದೂಸ್ತಾನದ ಅಗಸೆ ಬೀಜ ಹಡಗುಗಟ್ಟಲೆ ವಿಲಾಯತಿಗೆ ಹೋಗುತ್ತಿತ್ತು. ಅಲ್ಲಿ ಗಾಣಕ್ಕೆ ಬಿದ್ದು ಪೇಂಟ್ ಆಗುತ್ತಿತ್ತು, ನೆಲಕ್ಕೆ ಹಾಸುವ ಲಿನೋಲಿಯಂ ಆಗುತ್ತಿತ್ತು. ಡಬ್ಬಿಗಳಲ್ಲಿ ತುಂಬಿ ಇಲ್ಲಿಗೇ ವಾಪಸು ಬರುತ್ತಿತ್ತು. ಸಾಹೇಬರ ಬಂಗಲೆಯ ಬೇಲಿಗೆ ಹಚ್ಚಿದ ಹಸಿರು ಬಣ್ಣದಲ್ಲಿ ನಮ್ಮ ಕಡೆಯ ಯಾವುದೋ ರೈತನ ಅಗಸೆ ಇದ್ದಿರಲೂಬಹುದು.

ಎರಡನೆಯದು ಅರಗು. ಪಾಂಡವರ ಅರಗಿನ ಮನೆಯಿಂದ ಎಲ್ಲರಿಗೂ ಗೊತ್ತು. ಮುತ್ತುಗ, ಬಾರಿಯಂಥ ಮರಗಳ ಮೇಲೆ ಒಂದು ಸಣ್ಣ ಹುಳ ಸ್ರವಿಸುವ ರಾಳ. ಚನ್ನಪಟ್ಟಣದ ಗೊಂಬೆ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಕಟ್ಟಿಗೆಗೆ ಅಂಟುತ್ತದೆ. ಅದೇ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಿಂದ ತಿಕ್ಕಿದರೆ ಫ್ರೆಂಚ್ ಪಾಲಿಶ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರು ಮಾಡಿದ್ದು ಕಾಡಿನ ಈ ಅರಗನ್ನು ನಂಬಿಯೇ. ಇವತ್ತು ದೇಶದ ಮತದಾರರ ಬೆರಳಿಗೆ ಶಾಯಿ ಮಾಡಿಕೊಡುವುದೂ ಅದೇ ಕಾರ್ಖಾನೆ. ಒಳಗಿನ ಕುರ್ಚಿ ಮೇಜಿಗೆ ಅರಗಿನಷ್ಟು ಚೆಂದ ಮತ್ತೊಂದಿಲ್ಲ. ಆದರೆ ಮಳೆ ಬಿದ್ದರೆ ಬೆಳ್ಳಗಾಗುತ್ತದೆ, ಬಿಸಿಲಿಗೆ ಒಡೆಯುತ್ತದೆ. ಬೇಲಿಗೆ ಆಗುವುದಿಲ್ಲ.

ಮೂರನೆಯದು ಬಣ್ಣವಿಲ್ಲದ ವಾರ್ನಿಷ್. ಕಟ್ಟಿಗೆಯ ನರ ಕಾಣುತ್ತದೆ ಎಂದು ಎಲ್ಲರಿಗೂ ಇಷ್ಟ. ಆದರೆ ಬಿಸಿಲು ಗಾಜಿನೊಳಗೆ ಹೋದಂತೆ ಅದರೊಳಗೂ ಹೋಗುತ್ತದೆ. ಕಟ್ಟಿಗೆಯ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಬಿಸಿಲಿಗೆ ಕಳಚುತ್ತದೆ. ವಾರ್ನಿಷ್ ಕೆಳಗೇ ಕಟ್ಟಿಗೆಯ ಮೈ ಪುಡಿಯಾಗಿ, ಮೇಲಿನ ಪದರ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಶಹರದಲ್ಲಿ ಅದು ಹೆಚ್ಚು ದಿನ ಬಾಳುವುದಿಲ್ಲ. ಬಿಸಿಲನ್ನು ತಡೆಯಬೇಕೆಂದರೆ ಮಣ್ಣಿನ ಬಣ್ಣ ಬೇಕು. ಹುರಮಂಜದಲ್ಲಿರುವ ಕಬ್ಬಿಣದ ತುಕ್ಕೇ ಬಿಸಿಲಿಗೆ ಕೊಡೆ. ಸ್ವೀಡನ್ನಿನ ಹಳ್ಳಿಮನೆಗಳೆಲ್ಲ ಕೆಂಪಗಿರುವುದು ಫಾಲುನ್ ತಾಮ್ರದ ಗಣಿಯ ಕೆಮ್ಮಣ್ಣಿನಿಂದ. ಅದನ್ನು ಹಿಟ್ಟಿನ ಅಂಬಲಿಯಲ್ಲಿ ಕುದಿಸಿ, ಅಗಸೆ ಎಣ್ಣೆ ಸೇರಿಸಿ ಕಟ್ಟಿಗೆಗೆ ಬಳಿಯುತ್ತ ಬಂದಿದ್ದಾರೆ. ಅವರ ಕೆಮ್ಮಣ್ಣೂ ನಮ್ಮ ಹುರಮಂಜವೂ ಒಂದೇ ಬಳಗ.

ನಾಲ್ಕನೆಯದು ಬಣ್ಣವಲ್ಲ, ಔಷಧ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಎಂಬ ತೆಲುಗು ವಿಜ್ಞಾನಿ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಒಂದು ದ್ರಾವಣ ಮಾಡಿದರು. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ತಡೆಯುತ್ತದೆ, ಕ್ರೋಮಿಯಂ ಎರಡನ್ನೂ ಕಟ್ಟಿಗೆಯೊಳಗೆ ಕಟ್ಟಿಹಾಕುತ್ತದೆ. ನೀರಿಗೆ ತೊಳೆದುಹೋಗುವುದಿಲ್ಲ, ಜಿಡ್ಡಿಲ್ಲ, ವಾಸನೆಯಿಲ್ಲ, ಮೇಲೆ ಯಾವ ಪೇಂಟ್ ಬೇಕಾದರೂ ನಿಲ್ಲುತ್ತದೆ. ಅಮೆರಿಕ, ಆಸ್ಟ್ರೇಲಿಯಾಗಳ ಹಿತ್ತಿಲ ಬೇಲಿಗಳು ಎಷ್ಟೋ ದಶಕ ಇದನ್ನೇ ಕುಡಿದು ತಿಳಿಹಸಿರಾಗಿ ನಿಂತಿದ್ದವು. ಆರ್ಸೆನಿಕ್ ಭಯದಿಂದ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಕಟ್ಟಿಗೆಗೆ ಇದು ನಿಂತಿತು. ತೆಲುಗರ ಊರಲ್ಲಿ ಅರವತ್ತು ದಾಟುವತನಕ ಬದುಕಿದ ನನಗೆ ಈ ಹೆಸರು ಗೊತ್ತಿರಲಿಲ್ಲ.

ಏನೂ ಹಚ್ಚದೆ ಬಿಡುವುದೂ ಒಂದು ದಾರಿ. ಬಿಸಿಲು ಮಳೆಗೆ ಕಟ್ಟಿಗೆ ಬೂದಿಬಣ್ಣಕ್ಕೆ ತಿರುಗುತ್ತದಲ್ಲ, ಅದು ಕೊಳೆಯುವುದಲ್ಲ. ಮೇಲ್ಮೈ ಸವೆಯುವುದು ನೂರು ವರ್ಷಕ್ಕೆ ಕೆಲವೇ ಮಿಲಿಮೀಟರ್. ಬೇಲಿ ಕೊಳೆಯುವುದು ನೆಲಕ್ಕೆ ತಾಗುವ ಒಂದು ಗೇಣಿನಲ್ಲಿ. ನಮ್ಮ ಬೇಲಿ ಇಷ್ಟು ವರ್ಷ ನಿಂತದ್ದು ಆ ಗೇಣಿನಲ್ಲಿ ಕ್ರಿಯೋಸೋಟ್ ಇದ್ದದ್ದರಿಂದ.

*

ಈಗ ಜಗಳಕ್ಕೆ ಬರುತ್ತೇನೆ. ನಾನು ಅವ್ವನ ಬಾಯಲ್ಲಿ ಕೇಳಿದ್ದು ಇದು. 1957ರ ದಸರೆಗೆ ಕಾಕಾ ಗುಲಬರ್ಗಾದಿಂದ ಬಂದರು. ಬೇಲಿ ಆಗಷ್ಟೇ ನಿಂತಿತ್ತು. ಮಾರಿದ್ದು ತಾವೇ ಆದರೂ ಹುಟ್ಟಿದ ಅಂಗಳದ ನಡುವೆ ಕರಿಗಂಬಗಳ ಸಾಲು ನೋಡಿ ಅವರಿಗೆ ಕರುಳು ಚುರುಕ್ ಎಂದಿರಬೇಕು. "ಅಣ್ಣಾ, ಹಿಂಗ ಕರೀ ಬಿಡಬ್ಯಾಡ. ಸ್ಮಶಾನದ ಬ್ಯಾಲಿ ಕಂಡಂಗ ಕಾಣ್ತದ. ಹಸರ ಬಣ್ಣಾ ಹಚ್ಚು, ರೊಕ್ಕ ನಾ ಕೊಡ್ತೀನಿ" ಎಂದರು. ಅಪ್ಪ, "ಡಾಂಬರ ಕುಡದ ಕಟ್ಟಿಗಿ ಅದು, ಅದರ ಮ್ಯಾಲ ಬಣ್ಣ ನಿಲ್ಲಂಗಿಲ್ಲ" ಎಂದಷ್ಟೇ ಹೇಳಿ ಆಫೀಸಿಗೆ ಹೋದರು. ನಮ್ಮಪ್ಪ ಎರಡು ಮಾತಾಡುವಲ್ಲಿ ಒಂದೇ ಆಡುವವರು. ಕಾಕಾ ಅದನ್ನು ಬೇರೆಯಾಗಿ ತಿಳಿದರು. ಪಾಲು ಮಾರಿದ ಸಿಟ್ಟಿಗೆ, ತಾವು ಬಂದಾಗಲೆಲ್ಲ ಕಣ್ಣಿಗೆ ಚುಚ್ಚಲೆಂದೇ ಅಣ್ಣ ಬೇಲಿಯನ್ನು ಕರಿಯಾಗಿ ಬಿಟ್ಟಿದ್ದಾನೆ ಎಂದು. ಆಮೇಲೆ ಮದುವೆ, ಮುಂಜಿವೆ, ಸಾವು, ಎಲ್ಲಕ್ಕೂ ಬಂದರು, ಹೋದರು. ಆದರೆ ಆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದನ್ನು ನಾನು ನೋಡಲಿಲ್ಲ. ಪಡಸಾಲೆಯಲ್ಲಿ ಬೇಲಿಗೆ ಬೆನ್ನು ಮಾಡಿ ಕೂಡುತ್ತಿದ್ದರು. ಅವರ ಮನೆಯಲ್ಲಿ ನಮ್ಮ ಮನೆಗೆ "ಕರೀ ಬ್ಯಾಲಿ ಮನಿ" ಎಂದೇ ಹೆಸರು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾದರೂ ಆ ಹೆಸರು ಹೋಗಿರಲಿಲ್ಲ.

ಕಾಕಾನಿಗೆ ಈಗ ತೊಂಬತ್ತು ದಾಟಿದೆ. ನಿಶ್ಚಿತಾರ್ಥಕ್ಕೆ ಬರಲಾಗಿರಲಿಲ್ಲ. ಕೆನೆಬಣ್ಣದ ಬೇಲಿಯ ಫೋಟೋ ನೋಡಿ, "ನಿಂತದಲ್ಲೋ ಬಣ್ಣ!" ಎಂದು ಫೋನಿನಲ್ಲಿ ಒಂದೇ ಮಾತು ಹೇಳಿದ್ದರು. ಅದರಲ್ಲಿ ಇದ್ದದ್ದು ಸಂತೋಷವೋ, ಗೆದ್ದೆ ಎಂಬ ಭಾವವೋ ನನಗೆ ಗೊತ್ತಾಗಲಿಲ್ಲ. ಕಲೆ ಎದ್ದ ಮೇಲೆ ಅವರಿಗೆ ತಿಳಿಸದೆ ಇರಲು ಮನಸ್ಸು ಒಪ್ಪಲಿಲ್ಲ. ಮೇ ತಿಂಗಳಲ್ಲಿ ಕಲಬುರಗಿಗೆ ಹೋದೆ. ಮೊಬೈಲಿನಲ್ಲಿ ಕಂಬಗಳ ಫೋಟೋ ತೋರಿಸಿದೆ. ಸ್ಲೀಪರ್ ಕಥೆ, ಕ್ರಿಯೋಸೋಟ್ ಕಥೆ ಎಲ್ಲ ಹೇಳಿದೆ. "ಕಾಕಾ, ಅಪ್ಪ ಹೇಳಿದ್ದು ಖರೇ ಇತ್ತು. ಬಣ್ಣ ನಿಲ್ಲೂದಿಲ್ಲ ಅದರ ಮ್ಯಾಲ" ಎಂದೆ.

ಬಹಳ ಹೊತ್ತು ಫೋಟೋ ನೋಡಿದರು. ಬೆರಳಿನಿಂದ ಕಲೆಯನ್ನು ದೊಡ್ಡದು ಮಾಡಿ ನೋಡಿದರು.

"ಖರೇ ಇರಬೇಕು ತಮ್ಮಾ. ಅಣ್ಣ ಸುಳ್ಳ ಹೇಳಾಂವ ಅಲ್ಲ" ಎಂದರು. ಸ್ವಲ್ಪ ತಡೆದು, "ಆದ್ರ ಸಿಟ್ಟೂ ಇತ್ತು ಅವಂಗ. ಕಟ್ಟಿಗಿ ಹಂತಾದ್ದು ಸಿಕ್ಕಿತ್ತು, ಅಷ್ಟ" ಎಂದರು.

ನಾನು ಅಪ್ಪನ ಪರವಾಗಿ ಪುರಾವೆ ಹಿಡಿದುಕೊಂಡು ಹೋಗಿದ್ದೆ. ಕಾಕಾ ಪುರಾವೆಯನ್ನು ಒಪ್ಪಿಕೊಂಡರು, ತೀರ್ಪನ್ನು ಮಾತ್ರ ಬದಲಿಸಲಿಲ್ಲ. ಹೊರಡುವಾಗ, "ಹಂಗಾದ್ರ ಈಗ ಏನ್ ಹಚ್ಚಾಂವ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಏನರೆ ಇದ್ದೇ ಇರ್ತದ. ಹುಡುಕು. ಹಸರನ ಹಚ್ಚು" ಎಂದರು.

*

ಇತ್ತು. ಅದೂ ರೈಲ್ವೆಯವರ ಸಾಮಾನೇ. ಸೇತುವೆಗಳ ಕಬ್ಬಿಣಕ್ಕೆ ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಪೇಂಟ್ ಹಚ್ಚಿರುವುದನ್ನು ನೋಡಿರುತ್ತೀರಿ. ಅದರಲ್ಲಿ ಅಲ್ಯೂಮಿನಿಯಂ ಪುಡಿಯಾಗಿ ಇರುವುದಿಲ್ಲ, ಸಣ್ಣ ಹಕ್ಕಳೆಗಳಾಗಿ ಇರುತ್ತದೆ. ಬಳಿದಾಗ ಅವು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂರುತ್ತವೆ. ಒಳಗಿನ ಎಣ್ಣೆ ಮೇಲೆ ಬರಲು ದಾರಿ ಸಿಗುವುದಿಲ್ಲ. ಡಾಂಬರು ಕುಡಿದ ಹಳೆಯ ಕಟ್ಟಿಗೆಗೆ ಪೇಂಟ್ ಹಚ್ಚಲೇಬೇಕಾದರೆ ಮೊದಲು ಕಟ್ಟಿಗೆಗೆ ಹಚ್ಚುವ ಅಲ್ಯೂಮಿನಿಯಂ ಪ್ರೈಮರ್ ಬಳಿಯಬೇಕು ಎನ್ನುವುದು ಬಲ್ಲವರ ಹಳೆಯ ಪಾಠ. ಟ್ರೂಪ್ ಬಜಾರಿನಲ್ಲಿ ನಾಲ್ಕು ಅಂಗಡಿ ತಿರುಗಿದ ಮೇಲೆ ಸಿಕ್ಕಿತು.

ಮಳೆಗಾಲ ಮುಗಿದು ಕಟ್ಟಿಗೆ ಒಣಗುವವರೆಗೆ ಕಾದೆ. ಅದೇ ಪೇಂಟರನ್ನು ಕರೆದೆ. ಈ ಸಲ ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಕೊಟ್ಟೆ. ಕಂಬಗಳನ್ನು ಉಜ್ಜಲಿಲ್ಲ. ಎದ್ದುಬಂದಿದ್ದ ಸಿಪ್ಪೆಯನ್ನು ಒದ್ದೆ ಮಾಡಿ ಮೆಲ್ಲಗೆ ಕೆರೆದು ತೆಗೆದು, ಜಿಡ್ಡನ್ನು ಟರ್ಪಂಟೈನ್ ಬಟ್ಟೆಯಿಂದ ಒರೆಸಿದೆವು. ಎರಡು ಕೋಟ್ ಅಲ್ಯೂಮಿನಿಯಂ ಪ್ರೈಮರ್, ನಡುವೆ ಎರಡು ದಿನ ಬಿಡುವು. ಮೇಲೆ ಕಡುಹಸಿರು. ತಿಳಿ ಬಣ್ಣ ಬೇಡವೆಂದದ್ದು ಪೇಂಟರನೇ. ನಾಳೆ ಎಲ್ಲಾದರೂ ಎಣ್ಣೆ ಜಿನುಗಿದರೂ ಎದ್ದು ಕಾಣಬಾರದು ಎಂಬುದು ಅವನ ಲೆಕ್ಕ.

ಹಲಗೆಗಳ ದಾರಿ ಬೇರೆ. ಅವು ಸಾಗವಾನಿ, ಡಾಂಬರು ಮುಟ್ಟಿದ್ದಲ್ಲ. ಅವುಗಳ ಮೇಲಿನ ಕೆನೆಬಣ್ಣವನ್ನು ಪೂರ್ತಿ ತೆಗೆಸಿ, ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಅಗಸೆ ಎಣ್ಣೆಗೆ ಟರ್ಪಂಟೈನ್ ಸೇರಿಸಿ ತೆಳ್ಳಗೆ ಮಾಡಿ, ಒಂದು ಹಿಡಿ ಹುರಮಂಜ ಕಲಸಿ ಹಚ್ಚಿದೆವು. ಹಚ್ಚಿ ಕಾಲು ಗಂಟೆಗೆ ಹೆಚ್ಚಾದದ್ದನ್ನು ಒರೆಸಿಬಿಡಬೇಕು, ಇಲ್ಲದಿದ್ದರೆ ಮೇಲೆ ಅಂಟಂಟು ಪದರ ಕೂರುತ್ತದೆ. ಒರೆಸಿದ ಬಟ್ಟೆಗಳನ್ನು ಗುಡ್ಡೆ ಹಾಕಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ತಾನೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ ಬಿಡಿಬಿಡಿಯಾಗಿ ಹರವಿ ಒಣಗಿಸಿದೆವು. ಈ ಎಣ್ಣೆ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಮತ್ತೆ ಕೇಳುತ್ತದೆ. ಆದರೆ ಸಿಪ್ಪೆ ಏಳುವುದಿಲ್ಲ, ಕೆರೆಯುವ ಕೆಲಸವಿಲ್ಲ. ಸಾಗವಾನಿಯ ನರಗಳು ಕೆಂಪು ಹೊದ್ದು ಕಾಣುತ್ತವೆ.

ಹಸಿರು ಕಂಬ, ಕೆಂಪು ಹಲಗೆ. ಮಗಳು ನೋಡಿ, ಹಳೇ ಸ್ಟೇಷನ್ ಇದ್ದಂಗ ಅದ ಎಂದಳು. ಹೊಗಳಿದ್ದೋ ಬೈದದ್ದೋ ಕೇಳಲಿಲ್ಲ.

ಮದುವೆ ಡಿಸೆಂಬರಿನಲ್ಲಿ ಆಯಿತು. ಕಾಕಾನನ್ನು ಮೊಮ್ಮಗ ಕಾರಿನಲ್ಲಿ ಕರೆತಂದ. ಪಡಸಾಲೆಯಲ್ಲಿ ಕುರ್ಚಿ ಹಾಕಿದ್ದೆ. "ಅಲ್ಲಿ ಬ್ಯಾಡ, ಬಿಸಲಾಗ ಹಾಕು" ಎಂದರು. ಅಂಗಳದಲ್ಲಿ ಬೇಲಿಯ ಪಕ್ಕ ಕೂತರು. ಮೂಲೆಯ ಕಂಬದ ಬುಡ ಮುಟ್ಟಿ ಮೂಸಿದರು. "ವಾಸನಿ ಹೋಗೇದ" ಎಂದರು. ಹೋಗಿರಲಿಲ್ಲ, ಪ್ರೈಮರ್ ಕೆಳಗೆ ಇತ್ತು. ನಾನು ಹೇಳಲಿಲ್ಲ.

ಈ ಬೇಸಿಗೆ ಕಳೆಯಿತು. ಆರು ಕಂಬಗಳಲ್ಲಿ ಬಣ್ಣ ನಿಂತಿದೆ. ದಿನವಿಡೀ ಬಿಸಿಲು ಬೀಳುವ ಮೂಲೆಯ ಏಳನೆಯ ಕಂಬದಲ್ಲಿ, ಹಳೆಯ ಮೊಳೆಯ ತೂತಿನ ಸುತ್ತ, ರೂಪಾಯಿ ಅಗಲದ ಕಂದು ಕಲೆ ಎದ್ದಿದೆ. ಆ ತೂತಿನೊಳಕ್ಕೆ ಪ್ರೈಮರ್ ಸರಿಯಾಗಿ ಇಳಿದಿರಲಿಕ್ಕಿಲ್ಲ ಎನ್ನುತ್ತಾನೆ ಪೇಂಟರ್. ದಸರೆ ಕಳೆದ ಮೇಲೆ ಅಲ್ಲಿಗೆ ಇನ್ನೊಂದು ಕೋಟ್ ಹಚ್ಚಬೇಕು.